ಮೂರನೆಯ ಡೌನಿನ ಓಟ

ಅಮೆರಿಕನ್ ಫುಟ್‌ಬಾಲಿನಲ್ಲಿ ಹತ್ತು ಗಜ ಮುಂದೊತ್ತುವುದಕ್ಕೆ ಒಂದು ತಂಡಕ್ಕೆ ದೊರೆಯುವ, ಡೌನ್ ಎಂದು ಕರೆಯಲ್ಪಡುವ ಅವಕಾಶಗಳು ನಾಲ್ಕಾದರೂ, ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದೇ ಸಾಮಾನ್ಯ ರೂಢಿಯಾಗಿರುವುದರಿಂದ, ಅದರ ಅಳಿವು ಉಳಿವು ಬಹುಮಟ್ಟಿಗೆ ಮೂರನೆಯ ಡೌನಿನಲ್ಲಿಯೇ ನಿರ್ಣಯವಾಗುತ್ತದೆ. ಇನ್ನೂ ಎಂಟು ಹತ್ತು ಗಜ ಬಾಕಿಯಿದ್ದಲ್ಲಿ ಚೆಂಡನ್ನು ಎಸೆಯದೆ ಗತ್ಯಂತರವಿಲ್ಲವೆಂಬುದು ಪ್ರೇಕ್ಷಕರ ನಡುವೆ ಕುಳಿತ ಬಾಲಕನಿಗೂ ಗೊತ್ತು. ಎದುರಾಳಿಗೆ ಗೊತ್ತಿಲ್ಲದಿರುವುದು, ಚೆಂಡನ್ನು ಹಿಡಿಯಹೊರಟ ರಿಸೀವರ್ ಯಾವ ಹೆಜ್ಜೆಯಲ್ಲಿ ಯಾವ ಕಡೆಗೆ ಹೊರಳುವನೆಂಬ ಒಂದೇ ಸಂಗತಿ. ಈ ಗುಟ್ಟನ್ನು ಕೊನೆಯ ಕ್ಷಣದವರೆಗೂ ಕಾಯ್ದುಕೊಳ್ಳುವ ವಿದ್ಯೆಗೆ ರೂಟ್ ರನ್ನಿಂಗ್ ಎನ್ನುತ್ತಾರೆ. ಚೆಂಡು ಹಿಡಿಯುವ ಕೌಶಲಕ್ಕಿಂತ ಇದು ಮೇಲಾದುದೆಂದೇ ನನ್ನ ಮತ.

ನೋಡತಕ್ಕದ್ದು ಕಾಲನ್ನು. ನುರಿತ ರಿಸೀವರನು ಯಾವ ರೂಟನ್ನು, ಎಂದರೆ ಮೊದಲೇ ಗೊತ್ತುಮಾಡಿದ ಓಟದ ಹಾದಿಯನ್ನು, ಓಡುವುದಿದ್ದರೂ ಮೊದಲ ಕೆಲವು ಗಜಗಳನ್ನು ಒಂದೇ ವೇಗದಿಂದ, ಒಂದೇ ಭುಜಭಂಗಿಯಿಂದ ಕ್ರಮಿಸುತ್ತಾನೆ. ಅವನನ್ನು ತಡೆಯಲು ಎದುರಿಗೆ ನಿಂತ ರಕ್ಷಕ, ಕಾರ್ನರ್‌ಬ್ಯಾಕ್, ಹಿಂದಡಿಯಿಡುತ್ತ ಹೋಗಿ, ತನ್ನನ್ನು ದಾಟಿಯಾನೆಂಬ ಭೀತಿಯಿಂದ ಸೊಂಟವನ್ನು ಹಿಂದಕ್ಕೆ ತಿರುಗಿಸುವ ಆ ಕ್ಷಣಾರ್ಧಕ್ಕಾಗಿಯೇ ರಿಸೀವರನು ಕಾದಿರುತ್ತಾನೆ. ಆಗ ಸೊಂಟವನ್ನು ತಗ್ಗಿಸಿ, ಅಂಚುಗೆರೆಯ ಕಡೆಗೆ ಹೊರಳುವುದಾದರೆ ಒಳಗಾಲನ್ನೂ ಮೈದಾನದ ನಡುವಿಗೆ ಹೊರಳುವುದಾದರೆ ಹೊರಗಾಲನ್ನೂ ಬಲವಾಗಿ ಊರಿ, ಓಟದ ದಿಕ್ಕನ್ನೇ ಮುರಿದುಬಿಡುತ್ತಾನೆ. ತಿರುವಿಗೆ ಎರಡು ಹೆಜ್ಜೆ ಮುಂಚೆ ಎದೆ ಮೇಲೆದ್ದಿತೋ, ಗುಟ್ಟು ರಟ್ಟಾಯಿತು. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಅನೇಕ ವೇಳೆ ರಿಸೀವರನು ತಿರುಗುವುದಕ್ಕೆ ಮೊದಲೇ ಚೆಂಡನ್ನು ಬಿಟ್ಟಿರುವುದರಿಂದ, ಪಲ್ಲವಿ ಹಾಡುವವರು ನೆರವಲಿನ ಕೊನೆಗೆ ಎತ್ತುಗಡೆಗೆ ಬಂದು ಸೇರುವಂತೆ, ಇವನೂ ನಿಯತವಾದ ಸ್ಥಳಕ್ಕೆ ನಿಯತವಾದ ಕಾಲಕ್ಕೆ ಬಂದು ಸೇರಲೇಬೇಕು. ಇಷ್ಟೆಲ್ಲ ಮಾಡಿಯೂ, ಒಂಬತ್ತು ಗಜ ಬೇಕಾಗಿರುವಲ್ಲಿ ಎಂಟಕ್ಕೇ ತಿರುಗಿ ಅಲ್ಲಿಯೇ ನೆಲಕ್ಕೆ ಕೆಡವಲ್ಪಡುವ ಆಟಗಾರರನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಈ ವಿದ್ಯೆಯ ವಿಚಾರ ಬಂದಾಗಲೆಲ್ಲ ನನ್ನ ಮನಸ್ಸು ಬಾಲ್ಟಿಮೋರ್ ಕೋಲ್ಟ್ಸ್ ತಂಡದ ರಿಸೀವರ್ ರೇಮಂಡ್ ಬೆರಿಯ ಕಡೆಗೆ ಹರಿಯುತ್ತದೆ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 1954ರಲ್ಲಿ, 20ನೆಯ ಸುತ್ತಿನವರೆಗೂ ಯಾರಿಗೂ ಬೇಡವಾಗಿದ್ದ ಈತನಿಗೆ ವೇಗವೂ ಅಷ್ಟಕ್ಕಷ್ಟೆ, ದೃಷ್ಟಿಯೂ ಮಂದ. ಆದರೆ ರಕ್ಷಕನಿಂದ ಬಿಡಿಸಿಕೊಳ್ಳುವುದಕ್ಕೆ ತನ್ನಲ್ಲಿ 88 ಬಗೆಯ ನಡೆಗಳಿವೆಯೆಂದು ಆತ ಲೆಕ್ಕವಿಟ್ಟಿದ್ದನು. ತಂಡದ ಅಭ್ಯಾಸ ಮುಗಿದ ಮೇಲೂ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್‌ನನ್ನು ಮೈದಾನದಲ್ಲಿಯೇ ನಿಲ್ಲಿಸಿಕೊಂಡು ಅವುಗಳನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಿದ್ದನು. 1958ರ ಡಿಸೆಂಬರ್ 28ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಜಯಂಟ್ಸ್ ತಂಡದ ವಿರುದ್ಧ ನಡೆದ ಚಾಂಪಿಯನ್‌ಷಿಪ್ ಪಂದ್ಯದ ಅಂತ್ಯಭಾಗದಲ್ಲಿ, ಕೋಲ್ಟ್ಸ್ ಮೂರು ಅಂಕ ಹಿಂದಿದ್ದಾಗ, ಯುನೈಟಸ್ ಸಾಲಾಗಿ ಮೂರು ಸಲ ಬೆರಿಗೇ ಎಸೆದನು. ಮೂರನ್ನೂ ಹಿಡಿದ ಬೆರಿ ತಂಡವನ್ನು 62 ಗಜ ಮುಂದೊಯ್ದನು. ಏಳು ಸೆಕೆಂಡು ಉಳಿದಿರುವಾಗ ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ, ಯುನೈಟಸ್ ಹಿಂದೆಯೇ ಕೆಡವಲ್ಪಟ್ಟು, ಹತ್ತು ಗಜಕ್ಕೂ ಮಿಗಿಲಾದ ದೂರ ಬಾಕಿಯಿದ್ದ ಮೂರನೆಯ ಡೌನು ಬಂದಿತು. ಆಗಲೂ ಚೆಂಡು ಹೋದುದು ಬೆರಿಯ ಕೈಗೇ. ಬಂದದ್ದು 21 ಗಜ. ಕೋಲ್ಟ್ಸ್ 23–17ರಿಂದ ಗೆದ್ದಿತು. ಅಂದು ಬೆರಿ ಹಿಡಿದ ಚೆಂಡುಗಳು 12, ಗಳಿಸಿದ ದೂರ 178 ಗಜ.

ಈ ಆಟವನ್ನು ಟೆಲಿವಿಷನ್ನಿನಲ್ಲಿ ನೋಡುವ ವಾಚಕರಲ್ಲಿ ನನ್ನದೊಂದು ವಿನಂತಿ: ಮೂರನೆಯ ಡೌನು ಬಂದಾಗ ಚೆಂಡನ್ನು ಮರೆತು ಅಂಚಿನಲ್ಲಿ ನಿಂತಿರುವ ಒಬ್ಬ ರಿಸೀವರನನ್ನು ಆರಿಸಿಕೊಳ್ಳಿರಿ, ಕ್ಯಾಮೆರಾ ಅವನನ್ನು ಬಿಟ್ಟುಹೋದರೆ, ಎತ್ತರದಿಂದ ತೆಗೆದ ಮರುಚಿತ್ರದಲ್ಲಿ ಅವನ ಓಟವನ್ನು ಮೊದಲಿನಿಂದ ನೋಡಿರಿ.