ಯಂತ್ರಕರ್ತನದಲ್ಲಿ ತೆರಪಿನ ವಿಚಾರ: ಒಂದು ವಿಮರ್ಶೆ

ಸಂಖ್ಯಾನಿಯಂತ್ರಿತ ಯಂತ್ರವನ್ನು ೧೯೫೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರದರ್ಶಿಸಿದಂದಿನಿಂದಲೂ ಅಂಥ ಯಂತ್ರ ಸಂಖ್ಯೆಗಳಿಗೆ ವಿಧೇಯವಾಗಿ ನಡೆಯುತ್ತ ಬಂದಿದೆ. ಎದುರಿಗಿರುವ ಹಿಡಿಕಟ್ಟನ್ನು ಅದು ತಾನಾಗಿ ಕಾಣಲಾರದು. ಆದುದರಿಂದ ಉಪಕರಣಕ್ಕೂ ಇತರ ವಸ್ತುಗಳಿಗೂ ನಡುವೆ ಬಿಡುವ ಅಂತರವನ್ನು, ಎಂದರೆ ತೆರಪನ್ನು, ನಾವೇ ನಿರ್ಧರಿಸಬೇಕಾಗುತ್ತದೆ. ಸಂಶಯ ಬಂದಲ್ಲಿ ಉಪಕರಣವನ್ನು ಇನ್ನಷ್ಟು ಮೇಲೆತ್ತಬೇಕೆಂದು ಬೋಧಿಸುವುದು ವಾಡಿಕೆ. ಈ ಸೂತ್ರ ನಿರಪಾಯವಾಗಿ ತೋರಿದರೂ ವಿದ್ಯಾರ್ಥಿಯ ವಿವೇಚನೆಯನ್ನು ಮಂಕಾಗಿಸುತ್ತದೆಂಬುದು ನಮ್ಮ ಅಭಿಪ್ರಾಯ.

ತೆರಪು ಮೂರು ಬಗೆಯದು. ಒಂದು ಕಾರ್ಯದಿಂದ ಇನ್ನೊಂದಕ್ಕೆ ಸಾಗುವಾಗ ಎಲ್ಲ ಹಿಡಿಕಟ್ಟುಗಳನ್ನೂ ದಾಟಿಸುವ ಎತ್ತರ ಮೊದಲನೆಯದು. ಒಂದು ರಂಧ್ರದಿಂದ ಮುಂದಿನದಕ್ಕೆ ಹೋಗಲು ಮೇಲ್ಮೈಯಿಂದ ತುಸುವೇ ಏಳುವ ಎತ್ತರ ಎರಡನೆಯದು. ಉಪಕರಣವನ್ನು ಹಿಡಿದಿರುವ ದಪ್ಪನಾದ ಹೋಲ್ಡರಿಗೂ ಆಳವಾದ ಕುಳಿಯ ಗೋಡೆಗೂ ನಡುವಣ ಪಕ್ಕದ ಅಂತರ ಮೂರನೆಯದು. ಕತ್ತರಿಸುವಾಗ ಉಪಕರಣ ಕುಳಿಯೊಳಗೇ ಇರಬೇಕಾದುದರಿಂದ, ಮೇಲಣ ಎತ್ತರವನ್ನು ಎಷ್ಟು ಹೆಚ್ಚಿಸಿದರೂ ಈ ಮೂರನೆಯದು ಹೆಚ್ಚದು. ಉಪಕರಣವನ್ನು ಹೆಚ್ಚು ಹೊರಚಾಚಿದರೆ ತೆರಪು ದೊರೆಯುವುದು ದಿಟ. ಆದರೆ ಉಪಕರಣ ಬಾಗಿ ಕಂಪಿಸತೊಡಗುತ್ತದೆ.

ಎರಡನೆಯದರಲ್ಲಿ ಕಾಲದ ಲೆಕ್ಕವೂ ಸೇರಿದೆ. ೫ ಮಿ.ಮೀ. ಸಾಕಾದಲ್ಲಿ ೫೦ ಮಿ.ಮೀ. ಎತ್ತಿದರೆ, ೨೦೦ ರಂಧ್ರಗಳಿಗೆ ಏರಿಳಿತ ೧೮ ಮೀಟರಿನಷ್ಟು ಹೆಚ್ಚುತ್ತದೆ. ನಿಮಿಷಕ್ಕೆ ೧೫ ಮೀಟರಿನ ವೇಗದಲ್ಲಿ ಇದು ೭೨ ಸೆಕೆಂಡು. ಸಾವಿರ ತುಂಡುಗಳಿಗೆ ೨೦ ಗಂಟೆ.

ಇದಕ್ಕಿಂತ ಗುರುತರವಾದ ದೋಷ ಬೇರೆಯಿದೆ. ಉಪಕರಣದ ಉದ್ದವನ್ನು ೨೦ ಮಿ.ಮೀ. ಕಡಮೆಯಾಗಿ ನಮೂದಿಸಿದೆವೆನ್ನೋಣ. ಮೇಲ್ಮೈಯಿಂದ ೫ ಮಿ.ಮೀ. ಮೇಲಿನವರೆಗೆ ತೀವ್ರಗತಿಯಿಂದ ಇಳಿಯಬೇಕಾದ ಉಪಕರಣ, ವಾಸ್ತವದಲ್ಲಿ ೧೫ ಮಿ.ಮೀ. ಲೋಹದೊಳಕ್ಕೆ ನುಗ್ಗಹೊರಡುತ್ತದೆ. ೫೦ ಮಿ.ಮೀ. ಎತ್ತರದಿಂದ ಹೊರಟರೂ ಅಪಘಾತ ಕ್ಷಣಕಾಲ ಮುಂದಕ್ಕೆ ಹೋಗುವುದಲ್ಲದೆ ತಪ್ಪದು.

ಗಣಕದ ಪರದೆಯೂ ಪೂರ್ಣ ಸಾಕ್ಷಿಯಲ್ಲ. ಅನೇಕ ಯಂತ್ರಗಳಲ್ಲಿ ಜಿ ೦೦ ಆಜ್ಞೆಗೆ ಪ್ರತಿಯೊಂದು ಅಕ್ಷವೂ ತನ್ನ ಪೂರ್ಣವೇಗದಿಂದ ಪ್ರತ್ಯೇಕವಾಗಿ ಚಲಿಸುತ್ತದೆ. ವೇಗಗಳು ಸಮವಾಗಿದ್ದರೆ, ಮೂಲಬಿಂದುವಿನಿಂದ ಎಕ್ಸ್ ೧೦೦, ವೈ ೪೦ಕ್ಕೆ ಹೊರಟ ಉಪಕರಣ ಮೊದಲು ಓರೆಯಾಗಿ ಎಕ್ಸ್ ೪೦, ವೈ ೪೦ನ್ನು ಸೇರಿ, ಅನಂತರ ಎಕ್ಸ್ ದಿಕ್ಕಿಗೆ ತಿರುಗುತ್ತದೆ. ಪರದೆಯ ಮೇಲೆ ನೇರಗೆರೆ ಎಳೆದಿದ್ದರೆ, ಎಕ್ಸ್ ೪೦ರಲ್ಲಿ ಅದು ವೈ ೧೬ರಲ್ಲಿರುತ್ತದೆ. ಈ ೨೪ ಮಿ.ಮೀ. ನಡುವೆ ಎತ್ತರವಾದ ಹಿಡಿಕಟ್ಟೊಂದು ನಿಂತಿದ್ದರೆ, ಪರದೆಯಲ್ಲಿ ಸುರಕ್ಷಿತವಾದ ದಾರಿ ಯಂತ್ರದಲ್ಲಿ ಡಿಕ್ಕಿಯಾಗುತ್ತದೆ. ಗಣಕಕ್ಕೆ ತಿಳಿಸದೆ ಬಿಟ್ಟ ಹಿಡಿಕಟ್ಟನ್ನಂತೂ ಯಾವ ಅನುಕರಣವೂ ತೋರಿಸದು.

ಹೊಸ ಜೋಡಣೆಯ ಮೊದಲ ತುಂಡಿಗೆ ಹೆಚ್ಚಿನ ಎತ್ತರ ಉಚಿತವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದು ಅಳತೆಗೆ ಬದಲಿಯಾಗಕೂಡದು. ವಿದ್ಯಾರ್ಥಿ ತಾನು ಇಟ್ಟ ಪ್ರತಿಯೊಂದು ತೆರಪಿನ ಮುಂದೆಯೂ ಅದು ಯಾವ ವಸ್ತುವನ್ನು ದಾಟಲಿಕ್ಕೆಂಬುದನ್ನೂ, ಆ ವಸ್ತುವನ್ನು ತಾನು ಅಳೆದಿರುವನೋ ಇಲ್ಲವೋ ಎಂಬುದನ್ನೂ ಬರೆಯುವಂತಾಗಬೇಕು. ಪ್ರಯೋಗಶಾಲೆಯ ದಾಖಲೆ ಪುಸ್ತಕಗಳಲ್ಲಿ ಇದಕ್ಕೊಂದು ಅಂಕಣವನ್ನು ಅಧ್ಯಾಪಕರು ಕಡ್ಡಾಯಗೊಳಿಸುವುದು ಯುಕ್ತ.