ದೊಡ್ಡ ಕಾರು ಕೊಳ್ಳುವಾಗ ಅಡಿಗೆ ಬಗ್ಗಿ ನೋಡಿ

ಅಮೆರಿಕಕ್ಕೆ ಓದಲು, ದುಡಿಯಲು ಬರುವ ನಮ್ಮ ಹುಡುಗ ಹುಡುಗಿಯರು ಮೊದಲ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವಾಗ ಕ್ಯಾಮ್ರಿ, ಅಕಾರ್ಡ್ ಬಿಟ್ಟು ಮೂರನೆಯ ಹೆಸರೆತ್ತುವುದು ಕಡಿಮೆ. ಎರಡೂ ಒಳ್ಳೆಯ ಕಾರುಗಳೇ. ಅದು ಎಲ್ಲರಿಗೂ ಗೊತ್ತಿರುವುದರಿಂದಲೇ ಅವು ಎಷ್ಟು ಹಳತಾದರೂ ಬೆಲೆ ಸುಲಭಕ್ಕೆ ಇಳಿಯುವುದಿಲ್ಲ. ಅಷ್ಟೇ ದುಡ್ಡಿಗೆ ಎಂಟು ಸಿಲಿಂಡರಿನ, ಆರು ಜನ ಕೂರುವ ಅಪ್ಪಟ ಅಮೆರಿಕನ್ ಸೆಡಾನ್ ಸಿಗುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಮಿಷಿಗನ್ನಿನ ಚಳಿ, ಮಳೆ, ಬಿಸಿಲಿನಲ್ಲಿ ಗ್ರ್ಯಾಂಡ್ ಮಾರ್ಕೀ ಓಡಿಸುತ್ತಾ ಬಂದಿರುವ ನಾನು ಈ ವಾರ ಆ ಕಾರಿನ ಪರವಾಗಿ ನಾಲ್ಕು ಮಾತು ಹೇಳಬೇಕು.

ಫೋರ್ಡ್ ಕ್ರೌನ್ ವಿಕ್ಟೋರಿಯಾ, ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ, ಲಿಂಕನ್ ಟೌನ್ ಕಾರ್ ಮೂರೂ ಒಂದೇ ತಾಯಿಯ ಮಕ್ಕಳು. 1979ರ ಮಾದರಿಯೊಂದಿಗೆ ಶುರುವಾದ ‘ಪ್ಯಾಂಥರ್’ ಎಂಬ ತಳಹದಿಯ ಮೇಲೆ ಕಟ್ಟಿದವು. ಕ್ರೌನ್ ವಿಕ್ಟೋರಿಯಾ ಪೊಲೀಸರ ಕಾರಾಯಿತು, ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಯಾಯಿತು. ಟೌನ್ ಕಾರ್ ವಿಮಾನ ನಿಲ್ದಾಣಗಳ ಬಾಗಿಲಲ್ಲಿ ಕಪ್ಪು ಬಣ್ಣದಲ್ಲಿ ಕಾದು ನಿಂತಿತು. ಗ್ರ್ಯಾಂಡ್ ಮಾರ್ಕೀ ನಿವೃತ್ತ ದಂಪತಿಗಳ ಮನೆ ಸೇರಿತು. ಒಂದೇ ಯಂತ್ರ ಮೂರು ಬಗೆಯ ಬಾಳು ಬಾಳಿದ್ದರಿಂದ, ಹಳೆಯದನ್ನು ಕೊಳ್ಳುವವರು ಅದು ಯಾರ ಮನೆಯಲ್ಲಿ ಬಾಳಿತು ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು.

ಈ ಕಾರಿನ ಗಟ್ಟಿತನ ಅದರ ಕಟ್ಟುವಿಕೆಯಲ್ಲಿದೆ. ಇಂದಿನ ಹೆಚ್ಚಿನ ಕಾರುಗಳಲ್ಲಿ ಬಾಡಿಯೇ ಚಾಸಿ. ಇದರಲ್ಲಿ ನಮ್ಮ ಲಾರಿ, ಜೀಪುಗಳಿಗೆ ಇರುವಂಥ ಪ್ರತ್ಯೇಕ ಉಕ್ಕಿನ ಚಾಸಿ ಇದೆ. ಅದರ ಮೇಲೆ ರಬ್ಬರ್ ಬುಷ್‌ಗಳನ್ನಿಟ್ಟು ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಹೊಂಡಕ್ಕೆ ಚಕ್ರ ಬಿದ್ದಾಗ ಏಟು ಕೂತವರ ಬೆನ್ನಿಗೆ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ಎಂಜಿನ್ ಮುಂದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಚಕ್ರಗಳನ್ನು ಹೊತ್ತ ಹೌಸಿಂಗ್. ಬಾನೆಟ್ ಎತ್ತಿದ ಮೆಕ್ಯಾನಿಕ್ ಯಾವುದಕ್ಕೂ ತಡಕಾಡಬೇಕಿಲ್ಲ. 1998ರಿಂದ ಹಿಂದಿನ ಹೌಸಿಂಗಿಗೆ ವಾಟ್ಸ್ ಲಿಂಕೇಜ್ ಕೊಟ್ಟರು. ಹೌಸಿಂಗ್ ಎಡಬಲಕ್ಕೆ ಜರುಗದೆ ನೇರ ಮೇಲೆ ಕೆಳಗೆ ಆಡುವಂತೆ ಮಾಡುವ ಕೊಂಡಿಗಳ ಜೋಡಣೆ ಅದು. ಉಗಿಯಂತ್ರಕ್ಕೆಂದು ಜೇಮ್ಸ್ ವಾಟ್ 1784ರಲ್ಲಿ ರೂಪಿಸಿದ ಉಪಾಯ ಈ ಕಾರಿನ ಅಡಿಯಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.

ಎಂಜಿನ್ 4.6 ಲೀಟರಿನ ವಿ8. ಮೊದಲು ಬಂದದ್ದು 1991ರ ಟೌನ್ ಕಾರಿನಲ್ಲಿ. ಟೈಮಿಂಗ್‌ಗೆ ಬೆಲ್ಟ್ ಇಲ್ಲ, ಚೈನ್ ಇದೆ. ಕೊನೆಯ ವರ್ಷಗಳ ಸಾಧಾರಣ ಮಾದರಿಯಲ್ಲಿ 224 ಅಶ್ವಶಕ್ತಿ. ಅಷ್ಟು ದೊಡ್ಡ ಎಂಜಿನ್ನಿಗೆ ಇದು ಹೆಚ್ಚೇನಲ್ಲ, ಅದರ ದೀರ್ಘಾಯುಷ್ಯದ ಗುಟ್ಟೂ ಅದೇ. ಹೆದ್ದಾರಿಯಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುವಾಗ ಮಾರ್ಕೀಯ ಎಂಜಿನ್ ನಿಮಿಷಕ್ಕೆ 2,000 ಸುತ್ತನ್ನೂ ಮುಟ್ಟುವುದಿಲ್ಲ. ಅವಸರವಿಲ್ಲದೆ ದುಡಿಯುವ ಯಂತ್ರ ಸವೆಯುವುದೂ ನಿಧಾನ. ಟ್ಯಾಕ್ಸಿಯಾಗಿ 3 ಲಕ್ಷ ಮೈಲಿ ದಾಟಿದ ಕ್ರೌನ್ ವಿಕ್ಟೋರಿಯಾಗಳು ಅಪರೂಪವಲ್ಲ. ಕೂಲೆಂಟ್ ಸೋರಿ ಎಂಜಿನ್ ಕಾದರೆ ಕಂಪ್ಯೂಟರ್ ಸಿಲಿಂಡರುಗಳನ್ನು ಸರದಿಯ ಮೇಲೆ ಉರಿಸಿ, ಉಳಿದವುಗಳಿಗೆ ಬರೀ ಗಾಳಿ ಎಳೆಸಿ ತಣಿಸುತ್ತದೆ. ಹತ್ತಿರದ ಗ್ಯಾರೇಜ್ ಮುಟ್ಟಲು ಅಷ್ಟು ಸಾಕು.

ಇನ್ನು ಕೊಳ್ಳುವ ವಿಚಾರ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಈ ಕಾರುಗಳಿಗೆ ಅಕ್ಷರಶಃ ಹೊಂದುತ್ತದೆ. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಸೀಮೆಯಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಚಾಸಿಯನ್ನೂ ಬ್ರೇಕ್ ಪೈಪುಗಳನ್ನೂ ತಿನ್ನುತ್ತದೆ. 2005ರಿಂದ 2011ರ ಮಾದರಿಗಳಲ್ಲಿ ಸ್ಟೇರಿಂಗ್ ಶಾಫ್ಟಿಗೇ ತುಕ್ಕು ಹಿಡಿಯುವ ಅಪಾಯವಿದೆಯೆಂದು 2013ರಲ್ಲಿ ಫೋರ್ಡ್ ಉಪ್ಪು ಬಳಸುವ ಪ್ರದೇಶಗಳ ಈ ಕಾರುಗಳನ್ನು ವಾಪಸ್ ಕರೆಸಿತ್ತು. ಆದ್ದರಿಂದ ಬಣ್ಣ ನೋಡಿ ಮರುಳಾಗದೆ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಚಾಸಿಯ ಹಿಂಭಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಪದರ ಉದುರಿದರೆ ನಮಸ್ಕಾರ ಹೇಳಿ ಬನ್ನಿ. ಅರಿಜೋನ, ಫ್ಲೋರಿಡಾಗಳಲ್ಲಿ ಹಿರಿಯರ ಮನೆಯ ಗ್ಯಾರೇಜಿನಲ್ಲಿ ನಿಂತಿದ್ದ ಮಾರ್ಕೀ ಸಿಕ್ಕರೆ, ಸಾಗಿಸುವ ಖರ್ಚು ಸೇರಿದರೂ ಲಾಭವೇ.

ತುಕ್ಕಿನ ನಂತರ ನೋಡಬೇಕಾದ ಎರಡನೆಯದು, ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್. 1996ರಿಂದ 2001ರವರೆಗಿನ ಅನೇಕ ಕಾರುಗಳಲ್ಲಿ ಇದು ಪೂರ್ತಿ ಪ್ಲಾಸ್ಟಿಕ್. ಕೂಲೆಂಟ್ ಹರಿಯುವ ಮುಂದಿನ ದಾರಿಯಲ್ಲಿ ಬಿರುಕು ಬಿಡುವುದು ಇದರ ಹುಟ್ಟುಗುಣ. ಬದಲಿಗೆ ಬಂದ ಭಾಗದಲ್ಲಿ ಆ ದಾರಿ ಅಲ್ಯೂಮಿನಿಯಂನದು. ಹಾಕಿಸಿದ ರಸೀದಿ ಇದ್ದರೆ ಮಾತು ಮುಂದುವರಿಸಿ, ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಮೂರನೆಯದು ಹಿಂದಿನ ಏರ್ ಸಸ್ಪೆನ್ಷನ್. ಇದು ಟೌನ್ ಕಾರಿನಲ್ಲೂ ಅನೇಕ ಮಾರ್ಕೀಗಳಲ್ಲೂ ಇರುತ್ತದೆ. ರಬ್ಬರ್ ಚೀಲ ಹಳತಾಗಿ ಗಾಳಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಾರಿನ ಹಿಂಭಾಗ ಕುಸಿದಿರುತ್ತದೆ. ಹಾಗೇ ಓಡಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ತಿರುಗಿ ಸುಟ್ಟುಹೋಗುತ್ತದೆ. ಅದಕ್ಕೇ ಕಾರನ್ನು ಬೆಳಿಗ್ಗೆ, ಮಾಲೀಕರು ಚಾಲೂ ಮಾಡುವ ಮುನ್ನ ಹೋಗಿ ನೋಡಿ. ಹೊಸ ಚೀಲ ಹಾಕಿಸಿದರೆ ಮೂಲದ ಮೆದು ನಡಿಗೆ ಉಳಿಯುತ್ತದೆ. ಕಾಯಿಲ್ ಸ್ಪ್ರಿಂಗ್ ಹಾಕಿಸಿದರೆ ಚಿಂತೆ ತಪ್ಪುತ್ತದೆ. ನಾನು ಮೆದು ನಡಿಗೆಯ ಕಡೆಯವನು.

ಪೊಲೀಸ್ ಇಲಾಖೆಗಳು ಹರಾಜು ಹಾಕಿದ ಕ್ರೌನ್ ವಿಕ್ಟೋರಿಯಾಗಳ ಮೇಲೆ ಯುವಕರಿಗೆ ಮೋಹ ಹೆಚ್ಚು. ಅವುಗಳ ಸಸ್ಪೆನ್ಷನ್ ಬಿಗಿ, ಕೂಲಿಂಗ್ ವ್ಯವಸ್ಥೆ ದೊಡ್ಡದು, ನಿಜ. ಆದರೆ ಓಡೋಮೀಟರ್ ಅಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಪೊಲೀಸ್ ಕಾರು ದಿನದ ಎಷ್ಟೋ ಹೊತ್ತು ನಿಂತಲ್ಲೇ ಎಂಜಿನ್ ಓಡಿಸುತ್ತಿರುತ್ತದೆ. ಒಂದು ಗಂಟೆಯ ಐಡಲ್ ಅನ್ನು 33 ಮೈಲಿಗೆ ಸಮ ಎಂದು ಫೋರ್ಡ್ ಲೆಕ್ಕ ಕೊಟ್ಟಿದೆ. 5,000 ಗಂಟೆ ನಿಂತು ಉರಿದ ಎಂಜಿನ್ 1,65,000 ಮೈಲಿ ಓಡಿದಷ್ಟು ದಣಿದಿರುತ್ತದೆ. ಇನ್ನೊಂದು ಗಂಭೀರ ವಿಷಯ: ಪೆಟ್ರೋಲ್ ಟ್ಯಾಂಕ್ ಹಿಂದಿನ ಹೌಸಿಂಗಿಗೂ ಹಿಂದೆ ಇದೆ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದ್ದ ಪೊಲೀಸ್ ಕಾರುಗಳಿಗೆ ಹಿಂದಿನಿಂದ ವಾಹನಗಳು ಅತಿವೇಗದಲ್ಲಿ ಗುದ್ದಿ, ಬೆಂಕಿ ಹೊತ್ತಿ ಅಧಿಕಾರಿಗಳು ಸತ್ತಿದ್ದಾರೆ. 2002ರಲ್ಲಿ ಫೋರ್ಡ್ ಪೊಲೀಸ್ ಕಾರುಗಳಿಗೆ ಟ್ಯಾಂಕ್ ರಕ್ಷಿಸುವ ಕವಚಗಳನ್ನು ಒದಗಿಸಿತು. ಅಡಿಗೆ ಬಗ್ಗಿದಾಗ ಅವು ಇವೆಯೇ ಎಂದೂ ನೋಡಿ.

ಮೂರರಲ್ಲಿ ಯಾವುದು ಎಂದರೆ ನನ್ನ ಆಯ್ಕೆ 2003 ಅಥವಾ ಅದರ ನಂತರದ ಗ್ರ್ಯಾಂಡ್ ಮಾರ್ಕೀ. ಆ ವರ್ಷ ಚಾಸಿಯನ್ನೇ ಹೊಸದಾಗಿ ರೂಪಿಸಿ ರ್ಯಾಕ್ ಆ್ಯಂಡ್ ಪಿನಿಯನ್ ಸ್ಟೇರಿಂಗ್ ಕೊಟ್ಟರು, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳತೊಡಗಿತು. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಹಿಡಿ, ಮುಂದೆಯೂ ಮೂವರು ಕೂರುವ ಸೀಟು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಐ-75 ಹಿಡಿದು ಡೆಟ್ರಾಯಿಟ್ಟಿನಿಂದ ಮ್ಯಾಕಿನಾ ಸೇತುವೆಗೆ ಹೊರಟರೆ ಒಂದೇ ಟ್ಯಾಂಕ್ ಪೆಟ್ರೋಲಿನಲ್ಲಿ ಆರಾಮವಾಗಿ ತಲುಪಬಹುದು. ಅಷ್ಟು ದೂರ ಕೂತ ಹಿರಿಯರು ಸೊಂಟ ಹಿಡಿದುಕೊಳ್ಳದೆ ಇಳಿಯುತ್ತಾರೆ. ಆ ಸುಖಕ್ಕೆ ಸಮನಾದುದನ್ನು ನಾನು ಸಣ್ಣ ಕಾರುಗಳಲ್ಲಿ ಕಂಡಿಲ್ಲ.

ಸಾಕುವ ಖರ್ಚಿನಲ್ಲಿ ದೊಡ್ಡದು ಪೆಟ್ರೋಲೇ. ಊರೊಳಗೆ ಲೀಟರಿಗೆ 7 ಕಿ.ಮೀ., ಹೆದ್ದಾರಿಯಲ್ಲಿ 10 ಕಿ.ಮೀ. ಆಸುಪಾಸು. ಉದ್ದ 5.38 ಮೀಟರ್, ಹಾಗಾಗಿ ನಗರದ ನಡುವೆ ಮನೆಯಿದ್ದು ಬೀದಿಯಲ್ಲೇ ನಿಲ್ಲಿಸುವವರಿಗೆ ಇದು ಬೇಡ. ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಗೇರ್ ಬೀಳುವಾಗ ಗಡಗಡ ನಡುಕ ಬಂದರೆ ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ ಅದರ ಆಯಿಲ್ ಬದಲಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಡಿಕ್ಕಿಯಲ್ಲಿ ಪೆಟ್ರೋಲ್ ಪಂಪ್ ನಿಲ್ಲಿಸುವ ಸ್ವಿಚ್ ಇದೆ. ಜೋರಾದ ಏಟು ಬಿದ್ದರೆ ಅದು ಪಂಪನ್ನು ತಾನಾಗಿ ನಿಲ್ಲಿಸುತ್ತದೆ, ಎಂಜಿನ್ ಚಾಲೂ ಆಗುವುದಿಲ್ಲ. ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಂಡು ಅದರ ಗುಂಡಿ ಒತ್ತಿದರಾಯಿತು. ಜಾರುವಾಗ ಕಾರನ್ನು ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಇದರಲ್ಲಿಲ್ಲ. ಹಿಂದಿನ ಚಕ್ರ ತಳ್ಳುವ ಕಾರಾದ್ದರಿಂದ ಹಿಮ ಬೀಳುವ ಊರಿನವರು ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರ್ ಹಾಕಿಸಲೇಬೇಕು.

ಇದನ್ನು ಬೆಂಗಳೂರಿಗೆ ತರುವ ಆಸೆ ಇಟ್ಟುಕೊಳ್ಳಬೇಡಿ. ಭಾರತಕ್ಕೆ ತರುವ ಸೆಕೆಂಡ್ ಹ್ಯಾಂಡ್ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಈ ಎರಡು ನಿಯಮಗಳಲ್ಲೂ ಪ್ಯಾಂಥರ್ ಬೀಳುತ್ತದೆ.

ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕ್ರೌನ್ ವಿಕ್ಟೋರಿಯಾ 2011ರ ಸೆಪ್ಟೆಂಬರ್ 15ರಂದು ಹೊರಬಂತು. ಗ್ರ್ಯಾಂಡ್ ಮಾರ್ಕೀ, ಟೌನ್ ಕಾರ್‌ಗಳೂ ಅದೇ ವರ್ಷ ನಿಂತವು. ಇಂಥ ಕಾರನ್ನು ಇನ್ನಾರೂ ಕಟ್ಟುತ್ತಿಲ್ಲ, ಇರುವವು ವರ್ಷದಿಂದ ವರ್ಷಕ್ಕೆ ತುಕ್ಕಿಗೂ ಗುಜರಿಗೂ ಹೋಗುತ್ತಿವೆ. ನಿಲ್ಲಿಸಲು ಜಾಗ, ಓಡಿಸಲು ಉದ್ದ ರಸ್ತೆ, ಪೆಟ್ರೋಲಿಗೆ ಕೈಯಲ್ಲಿ ಕಾಸು ಇದ್ದು, ಅಡಿ ಶುದ್ಧವಾಗಿರುವ ಒಂದು ಮಾರ್ಕೀ ಕಣ್ಣಿಗೆ ಬಿದ್ದರೆ ಯೋಚಿಸುತ್ತ ಕೂರಬೇಡಿ, ಕೊಳ್ಳಿ. ಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಆರೈಕೆ ಮಾಡಿ.