ಜರಾವಿಚಾರವೂ ಯಯಾತಿಯ ಕಥೆಯೂ

ಮುಪ್ಪನ್ನು ಕುರಿತು ಈಚೆಗೆ ಹೊರಟ ಗ್ರಂಥಗಳಲ್ಲಿ ವೆಂಕಿ ರಾಮಕೃಷ್ಣನ್ ಅವರ ‘ವೈ ವಿ ಡೈ’ ಎಂಬ ಇಂಗ್ಲಿಷ್ ಗ್ರಂಥವು ಗಣ್ಯವಾದುದು. 2024ರಲ್ಲಿ ಪ್ರಕಟವಾದ ಇದರ ಹೆಸರನ್ನು ‘ನಾವು ಸಾಯುವುದೇಕೆ?’ ಎಂದು ಕನ್ನಡಿಸಬಹುದು. ಗ್ರಂಥಕರ್ತರು 1952ರಲ್ಲಿ ಚಿದಂಬರದಲ್ಲಿ ಜನಿಸಿ ಬಡೋದೆಯಲ್ಲಿ ಬೆಳೆದವರು. ಜೀವಕೋಶದೊಳಗೆ ಪ್ರೋಟೀನುಗಳನ್ನು ಕಟ್ಟುವ ರೈಬೋಸೋಮ್ ಎಂಬ ಅಂಗದ ರಚನೆಯನ್ನು ತಿಳಿಸಿಕೊಟ್ಟುದಕ್ಕಾಗಿ 2009ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡವರು.

ಸಾಹಿತ್ಯದ ಮಾಸಪತ್ರಿಕೆಯಲ್ಲಿ ಜೀವಶಾಸ್ತ್ರದ ಗ್ರಂಥಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಜರಾಮರಣಗಳು ಕಾವ್ಯದ ಹಳೆಯ ವಸ್ತುಗಳು. ಆ ವಸ್ತುವನ್ನು ಇಂದು ವಿಜ್ಞಾನವು ಕೈಗೆತ್ತಿಕೊಂಡಿರುವಾಗ ಕಾವ್ಯಕ್ಕೆ ಉಳಿದುದೇನು ಎಂಬುದು ಸಾಹಿತ್ಯದ ಪ್ರಶ್ನೆಯೇ ಆಗಿದೆ. ಅದಲ್ಲದೆ, ಇಂಥ ಶೋಧಗಳ ವಾರ್ತೆ ಬಂದಾಗಲೆಲ್ಲ ನಮ್ಮ ಜಮಖಂಡಿ ಮುಧೋಳಗಳ ಕಟ್ಟೆಗಳ ಮೇಲೆ ಎರಡು ಮಾತುಗಳು ಕೇಳಿಬರುತ್ತವೆ. ‘ಇದೆಲ್ಲವೂ ನಮ್ಮ ಹಿರಿಯರಿಗೆ ತಿಳಿದೇ ಇತ್ತು’ ಎಂಬುದು ಒಂದು. ‘ಪುರಾಣವೆಲ್ಲ ಅಡಗೂಲಜ್ಜಿಯ ಕಥೆ, ಇನ್ನು ಅದರ ಗೊಡವೆ ಬೇಡ’ ಎಂಬುದು ಇನ್ನೊಂದು. ಎರಡೂ ತಪ್ಪೆಂದು ನನ್ನ ಅಭಿಪ್ರಾಯ. ಮೊದಲನೆಯ ಮಾತನ್ನು ಆಡುವವರಲ್ಲಿ ಪಾಠಶಾಲೆಯಲ್ಲಿ ಕಲಿತ ನನ್ನಂಥವರೇ ಹೆಚ್ಚು; ಆದಕಾರಣ ಅದನ್ನು ತಿದ್ದುವ ಹೊಣೆಯೂ ನಮ್ಮದೇ.

ಮೊದಲು ಈ ಶಾಸ್ತ್ರದ ಸಾರವನ್ನು ನೋಡೋಣ. ಪ್ರಾಣಿಗೆ ಮುಪ್ಪು ಬರುವುದೇಕೆ? ಪ್ರಕೃತಿಯ ದೃಷ್ಟಿಯು ಸಂತತಿಯ ಮೇಲೆ ಉಂಟೇ ಹೊರತು ವ್ಯಕ್ತಿಯ ಮೇಲಿಲ್ಲ. 1977ರಲ್ಲಿ ಥಾಮಸ್ ಕರ್ಕ್‌ವುಡ್ ಎಂಬ ಪಂಡಿತರು ಮಂಡಿಸಿದ ವಾದವು ಹೀಗಿದೆ: ದೇಹಕ್ಕೆ ದೊರೆಯುವ ಶಕ್ತಿಯು ಮಿತವಾದುದು, ಅದನ್ನು ಬೆಳವಣಿಗೆಗೆ, ಸಂತಾನಕ್ಕೆ, ದುರಸ್ತಿಗೆ ಎಂದು ಹಂಚಬೇಕು, ಸಂತಾನವಾದ ಮೇಲೂ ದೇಹವನ್ನು ಬಹುಕಾಲ ದುರಸ್ತಿ ಮಾಡುತ್ತಿರುವುದರಿಂದ ಪ್ರಕೃತಿಗೆ ಲಾಭವಿಲ್ಲ. ರಬಕವಿ-ಬನಹಟ್ಟಿಯ ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಗ್ಗವಿರುವುದು ಸೀರೆಗಾಗಿ, ಸೀರೆಯಿರುವುದು ಮಗ್ಗಕ್ಕಾಗಿ ಅಲ್ಲ.

ಕ್ಷಯವು ನಡೆಯುವ ಬಗೆಯೂ ಒಂದಲ್ಲ. ಮನುಷ್ಯನ ಸಾಮಾನ್ಯ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಿದರೆ ಅವು ಒಂದು ಮಿತಿಯವರೆಗೆ ಮಾತ್ರ ಒಡೆದು ಎರಡಾಗುತ್ತವೆಂದು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗವು ವಿಭಜನೆಯಾದಂತೆಲ್ಲ ಸವೆಯುವುದು ಇದಕ್ಕೆ ಮುಖ್ಯ ಕಾರಣವೆಂದು ಮುಂದೆ ತಿಳಿಯಿತು. ಸೆರಗಿನ ಗೊಂಡೆ ಬಿಚ್ಚಿದರೆ ಸೀರೆಯ ಎಳೆಗಳೇ ಬಿಚ್ಚತೊಡಗುವಂತೆ ಇದೂ ಎಂದು ತಿಳಿಯಬಹುದು. ಇದಲ್ಲದೆ ಡಿ.ಎನ್.ಎ.ಗೆ ತಗಲುವ ಗಾಯಗಳು, ಕೆಟ್ಟ ಪ್ರೋಟೀನುಗಳ ಸಂಚಯ, ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳ ದೌರ್ಬಲ್ಯ, ತಾವೂ ಸಾಯದೆ ಸುತ್ತಲಿನವಕ್ಕೂ ಉರಿಯೂತವನ್ನು ಹಚ್ಚುವ ಮುದಿಕೋಶಗಳು, ಹೀಗೆ ಕಾರಣಗಳು ಹಲವು. 2013ರಲ್ಲಿ ವಿದ್ವಾಂಸರು ಮುಪ್ಪಿನ ಲಕ್ಷಣಗಳು ಒಂಬತ್ತೆಂದು ಎಣಿಸಿದ್ದರು. 2023ರಲ್ಲಿ ಅವರೇ ಅವನ್ನು ಹನ್ನೆರಡಕ್ಕೆ ಏರಿಸಿದರು.

ಇನ್ನು ಉಪಾಯಗಳ ಮಾತು. ಆಹಾರದ ಪ್ರಮಾಣವನ್ನು ತಗ್ಗಿಸಿ, ಪೋಷಕಾಂಶಗಳು ಮಾತ್ರ ಕುಂದದಂತೆ ನೋಡಿಕೊಂಡರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆಂದು 1935ರಲ್ಲಿಯೇ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕೇ ಮತ್ತು ಸಂಗಡಿಗರು ಕಂಡಿದ್ದರು. 1993ರಲ್ಲಿ ಸಿಂಥಿಯಾ ಕೆನ್ಯನ್ ಎಂಬ ವಿದುಷಿಯು ಒಂದೇ ಒಂದು ಜೀನಿನ ವಿಕಾರದಿಂದ ಸಣ್ಣದೊಂದು ಹುಳದ ಆಯುಷ್ಯವು ಎರಡು ಪಟ್ಟಾಗುವುದನ್ನು ತೋರಿಸಿದರು. ಈಸ್ಟರ್ ದ್ವೀಪದ ಮಣ್ಣಿನಲ್ಲಿಯ ಸೂಕ್ಷ್ಮಜೀವಿಯಿಂದ ದೊರೆತ ರಾಪಮೈಸಿನ್ ಎಂಬ ಔಷಧವನ್ನು ವಯಸ್ಸು ಮೀರಿದ ಇಲಿಗಳಿಗೆ ಕೊಟ್ಟಾಗಲೂ ಅವುಗಳ ಆಯುಷ್ಯವು ಬೆಳೆಯಿತೆಂದು 2009ರಲ್ಲಿ ಪ್ರಕಟವಾಯಿತು. ಆದರೆ ಆ ಔಷಧವು ರೋಗವನ್ನು ತಡೆಯುವ ದೇಹಶಕ್ತಿಯನ್ನು ತಗ್ಗಿಸತಕ್ಕುದು. ಬೇರೆಯವರ ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡವರಿಗೆ ಕೊಡುವಂಥದು. ಇಲಿಗೆ ಆದುದು ಮನುಷ್ಯನಿಗೂ ಆದೀತೆಂಬುದು ಇನ್ನೂ ಸಿದ್ಧವಾಗಿಲ್ಲ.

ರಾಮಕೃಷ್ಣನ್ ಅವರ ಗ್ರಂಥದ ಮುಖ್ಯ ಗುಣವು ಸಂಯಮ. ಮುಪ್ಪನ್ನು ಗೆಲ್ಲುವೆವೆಂದು ಹೇಳಿ ಕೋಟಿಗಟ್ಟಲೆ ಹಣ ತೊಡಗಿಸುತ್ತಿರುವ ಧನಿಕರ ವಿಷಯವಾಗಿ ಅವರು ಬರೆಯುತ್ತಾರೆ. ಆದರೆ ಅವರ ಭರವಸೆಗಳನ್ನು ಪರೀಕ್ಷಿಸದೆ ಒಪ್ಪುವುದಿಲ್ಲ. ಸಿದ್ಧವಾದುದು ಇಷ್ಟು, ಸಂಶಯದಲ್ಲಿರುವುದು ಇಷ್ಟು, ಬರಿಯ ಆಸೆ ಇಷ್ಟು ಎಂದು ಬೇರೆ ಬೇರೆಯಾಗಿ ಇಟ್ಟು ತೋರಿಸುತ್ತಾರೆ. ನ್ಯಾಯಶಾಸ್ತ್ರವನ್ನು ಓದಿದವರಿಗೆ ಈ ಕ್ರಮವು ಪ್ರಿಯವಾಗದೆ ಇರದು.

ಈ ಶಾಸ್ತ್ರದ ಒಂದು ಪ್ರಕರಣವು ನನಗೆ ಮಹಾಭಾರತದ ಆದಿಪರ್ವವನ್ನು ನೆನಪಿಗೆ ತಂದಿತು. ಎಳೆಯ ಇಲಿಯನ್ನೂ ಮುದಿ ಇಲಿಯನ್ನೂ ಒಡಲಿಗೊಡಲು ಹೊಲಿದು, ಎರಡರ ರಕ್ತವೂ ಒಂದಾಗಿ ಹರಿಯುವಂತೆ ಮಾಡುವ ಪ್ರಯೋಗವದು. ಹೀಗೆ ಮಾಡಿದಾಗ ಮುದಿ ಇಲಿಯ ಸ್ನಾಯುಗಳು ಗಾಯವನ್ನು ಮಾಯಿಸಿಕೊಳ್ಳುವ ಶಕ್ತಿಯನ್ನು ಮರಳಿ ಪಡೆದವೆಂದು 2005ರಲ್ಲಿ ಪ್ರಕಟವಾಯಿತು. ಮುಪ್ಪಿನ ರಕ್ತದಿಂದ ಎಳೆಯ ಇಲಿಗೆ ಹಾನಿಯಾಗುವುದನ್ನೂ ಮುಂದಿನ ಪ್ರಯೋಗಗಳು ತೋರಿಸಿದವು. ಇಷ್ಟರ ಮೇಲಿಂದಲೇ ಅಮೆರಿಕೆಯಲ್ಲಿ ತರುಣರ ರಕ್ತದ್ರವವನ್ನು ಹಣ ತೆತ್ತವರಿಗೆ ಕೊಡುವ ವ್ಯಾಪಾರವು ಹುಟ್ಟಿಕೊಂಡಿತು. ಇದರಿಂದ ಪ್ರಯೋಜನವು ಸಿದ್ಧವಾಗಿಲ್ಲ, ಅಪಾಯವು ಮಾತ್ರ ಉಂಟು ಎಂದು 2019ರಲ್ಲಿ ಆ ದೇಶದ ಔಷಧ ನಿಯಂತ್ರಣದ ಇಲಾಖೆಯು ಜನರನ್ನು ಎಚ್ಚರಿಸಬೇಕಾಯಿತು.

ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಿಗೆ ಗುರಿಯಾದ ಯಯಾತಿಯು ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಯೌವನವನ್ನು ಬೇಡುತ್ತಾನೆ. ಹಿರಿಯರು ಒಲ್ಲೆನೆನ್ನುತ್ತಾರೆ, ಕಿರಿಯನಾದ ಪುರುವು ಕೊಡುತ್ತಾನೆ. ಹಾಗಾದರೆ ಇಂದಿನ ಪ್ರಯೋಗವು ವ್ಯಾಸರಿಗೆ ತಿಳಿದಿತ್ತೆ? ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕು. ಕಥೆಯಲ್ಲಿ ವಿನಿಮಯವು ನಡೆಯುವುದು ವಚನದಿಂದ, ತಪಸ್ಸಿನ ಬಲದಿಂದ. ರಕ್ತದ ಗುಣವನ್ನು ಪರೀಕ್ಷಿಸಿ ಅಲ್ಲ. ಸುಶ್ರುತಸಂಹಿತೆಯು ಜರೆಯನ್ನು ಹಸಿವು, ನೀರಡಿಕೆ, ನಿದ್ರೆ, ಮೃತ್ಯುಗಳೊಡನೆ ಸ್ವಭಾವಜನ್ಯವಾದ ವ್ಯಾಧಿಗಳಲ್ಲಿ ಎಣಿಸಿ, ಕಾಲದಲ್ಲಿ ಬರುವುದು ಬೇರೆ, ದೇಹವನ್ನು ರಕ್ಷಿಸಿಕೊಳ್ಳದ ಕಾರಣ ಅಕಾಲದಲ್ಲಿ ಬರುವುದು ಬೇರೆ ಎಂದು ವಿಂಗಡಿಸಿದೆ. ಮುಪ್ಪು ರೋಗವೆ, ಸ್ವಭಾವವೆ ಎಂದು ಇಂದಿನ ವಿದ್ವಾಂಸರೂ ಚರ್ಚಿಸುತ್ತಿರುವುದನ್ನು ನೋಡಿದರೆ ಆ ವಿಂಗಡಣೆಯ ಸೂಕ್ಷ್ಮತೆಯು ತಿಳಿದೀತು. ಆದರೆ ಪ್ರಶ್ನೆಯನ್ನು ಚೆನ್ನಾಗಿ ಕೇಳಿದವರಿಗೆ ಉತ್ತರವೂ ತಿಳಿದಿತ್ತೆಂದು ಆಗುವುದಿಲ್ಲ. ಜೀವಕೋಶವನ್ನು ಅವರು ಕಂಡಿರಲಿಲ್ಲ. ಕಾಣದುದನ್ನು ಕಂಡಿದ್ದರೆಂದು ಹೇಳುವುದು ಅವರಿಗೆ ಮಾಡುವ ಗೌರವವಲ್ಲ. ಚ್ಯವನನ ಹೆಸರು ಹೇಳಿ ಯಾವುದೋ ಚೂರ್ಣವನ್ನು ಹೆಚ್ಚಿನ ಬೆಲೆಗೆ ಮಾರುವವರಿಗೆ ಮಾಡುವ ಸಹಾಯ. ಪೆನ್ಶನ್ನಿನ ಹಣವನ್ನು ಅದಕ್ಕೆ ಸುರಿಯುವ ವೃದ್ಧರು ನಮ್ಮ ಊರುಗಳಲ್ಲಿಯೂ ಇಲ್ಲದಿಲ್ಲ.

ಹಾಗಾದರೆ ಎರಡನೆಯ ಮಾತು ನಿಜವೆ? ಪುರಾಣವನ್ನು ಬದಿಗಿಡೋಣವೆ? ಅದೂ ಸಲ್ಲದು. ಯಯಾತಿಯ ಕಥೆಯ ಬೆಲೆಯು ಯೌವನವು ಮರಳಿದುದರಲ್ಲಿ ಇಲ್ಲ. ಅದನ್ನು ಕೊಟ್ಟವನು ಯಾರೆಂಬುದನ್ನು ಕಥೆಯ ನಡುವಿನಲ್ಲಿಯೇ ನಿಲ್ಲಿಸಿರುವುದರಲ್ಲಿದೆ. ಸಾವಿರ ವರ್ಷ ಭೋಗಿಸಿದ ಮೇಲೆಯೂ ತೃಪ್ತಿಯನ್ನು ಕಾಣದೆ ಯಯಾತಿಯು ಪಡೆದುದನ್ನು ಹಿಂದಿರುಗಿಸುತ್ತಾನೆ. ಕಥೆಯು ಮುಗಿಯುವುದು ಸಾಲವು ತೀರಿದಾಗ.

ನಮ್ಮ ಭಾಗದ ಓದುಗರು ಮರಾಠಿಯಲ್ಲಿ ವಿ. ಸ. ಖಾಂಡೇಕರರ ‘ಯಯಾತಿ’ ಕಾದಂಬರಿಯನ್ನೂ ಬಲ್ಲರು. ಅದು 1959ರಲ್ಲಿ ಹೊರಬಂದಿತು. 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ಪುರುವಿಗೆ ಚಿತ್ರಲೇಖೆಯೆಂಬ ಹೆಂಡತಿಯಿದ್ದಾಳೆ. ತಂದೆ ಬೇಡಿದನು, ಮಗನು ಕೊಟ್ಟನು. ಆದರೆ ಅವಳನ್ನು ಕೇಳಿದವರು ಯಾರು? ಮುಪ್ಪಾದ ಗಂಡನನ್ನು ಕಂಡು ಅವಳು ಪ್ರಾಣವನ್ನೇ ಬಿಡುತ್ತಾಳೆ. ಕೊಡುವವನ ಜೊತೆಗೆ, ಮಾತಿಲ್ಲದೆ ಬೆಲೆ ತೆರುವವರೂ ಇರುತ್ತಾರೆಂಬುದನ್ನು ನಾಟಕಕಾರರು ಕಂಡುಕೊಂಡರು. ಅವರ ವಿಮರ್ಶಾದೃಷ್ಟಿಯು ಹಳೆಯ ಕಥೆಯನ್ನು ಕೆಡಿಸಲಿಲ್ಲ, ಪೂರ್ಣಗೊಳಿಸಿತು.

ಪುರುವಿನ ವಂಶದಲ್ಲಿಯೇ ಮುಂದೆ ಇನ್ನೊಬ್ಬ ಮಗನು ತಂದೆಯ ಆಸೆಗಾಗಿ ತನ್ನ ಯೌವನವನ್ನು ಒಪ್ಪಿಸಿದನು. ಭೀಷ್ಮನಿಗೆ ಅದರ ಬದಲಾಗಿ ದೊರೆತ ವರವು ಇಚ್ಛಾಮರಣ. ಮುಧೋಳದ ಕವಿ ರನ್ನನು ‘ಗದಾಯುದ್ಧ’ದಲ್ಲಿ ಆ ಭೀಷ್ಮನನ್ನು ಶರಶಯ್ಯೆಯ ಮೇಲೆ ನಮಗೆ ತೋರಿಸುತ್ತಾನೆ. ತಮ್ಮಂದಿರನ್ನೂ ಗೆಳೆಯನನ್ನೂ ಕಳೆದುಕೊಂಡ ದುರ್ಯೋಧನನು ರಣರಂಗದಲ್ಲಿ ನಡೆದು ಅಜ್ಜನ ಬಳಿಗೆ ಬರುತ್ತಾನೆ. ಬಯಸಿದಾಗಲ್ಲದೆ ಸಾಯದ ಆ ವೃದ್ಧನ ಕಣ್ಣೆದುರಿಗೆ ಕುಲವೇ ಅಳಿದಿದೆ. ಅವನ ಹಿತವಚನವನ್ನು ಕಾಲದಲ್ಲಿ ಕೇಳಿದವರಿಲ್ಲ. ಆಯುಷ್ಯವು ಉದ್ದವಾದುದೊಂದೇ ಭಾಗ್ಯವಲ್ಲವೆಂಬುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಕಷ್ಟ.

ಇಲ್ಲಿ ಚರಕಸಂಹಿತೆಯ ಒಂದು ವಿಂಗಡಣೆಯು ನಮಗೆ ಉಪಯುಕ್ತವಾಗಿದೆ. ಆಯುಸ್ಸನ್ನು ಅದು ಸುಖಾಯು, ದುಃಖಾಯು, ಹಿತಾಯು, ಅಹಿತಾಯು ಎಂದು ನಾಲ್ಕಾಗಿ ಹೇಳುತ್ತದೆ. ರೋಗವಿಲ್ಲದೆ ಬಲದಿಂದಿರುವ ಬಾಳು ಸುಖಾಯು. ಇತರರಿಗೆ ಹಿತವಾಗಿ ನಡೆಯುವ ಬಾಳು ಹಿತಾಯು. ಇಂದಿನ ಶಾಸ್ತ್ರಜ್ಞರು ಬರಿಯ ಆಯುಷ್ಯಕ್ಕಿಂತ ಸ್ವಸ್ಥವಾದ ಆಯುಷ್ಯವು ಮುಖ್ಯವೆನ್ನುವಾಗ ಅವರು ಅರಸುವುದು ಸುಖಾಯುವನ್ನು. ಅದಕ್ಕೆ ಅಳತೆಯುಂಟು, ಪ್ರಯೋಗವುಂಟು. ಹಿತಾಯುವಿಗೆ ಅಳತೆಗೋಲಿಲ್ಲ. ಅದರ ವಿಚಾರವನ್ನು ಕಾವ್ಯವೂ ಸಮಾಜವೂ ಮಾಡಬೇಕು.

ಗ್ರಂಥದಲ್ಲಿ ನಾನು ಕಂಡ ಒಂದೇ ಕೊರತೆಯು ಇದಕ್ಕೆ ಸಂಬಂಧಿಸಿದುದು. ಬಡವರ ಆಯುಷ್ಯಕ್ಕೂ ಧನಿಕರ ಆಯುಷ್ಯಕ್ಕೂ ಇರುವ ಅಂತರವನ್ನೂ, ಮುದುಕರು ಸ್ಥಾನವನ್ನು ಬಿಡದಿದ್ದರೆ ತರುಣರಿಗೆ ಆಗುವ ಹಾನಿಯನ್ನೂ ರಾಮಕೃಷ್ಣನ್ ಅವರು ಪ್ರಾಮಾಣಿಕವಾಗಿ ಎತ್ತಿದ್ದಾರೆ. ಆದರೆ ಅದು ಬರುವುದು ಕೊನೆಯ ಅಧ್ಯಾಯದಲ್ಲಿ, ಎಲ್ಲ ಉಪಾಯಗಳೂ ಮುಗಿದ ಮೇಲೆ. ಪುರಾಣವು ಕಥೆಯ ಹೃದಯದಲ್ಲಿಟ್ಟ ಪ್ರಶ್ನೆಯು ಇಲ್ಲಿ ಉಪಸಂಹಾರವಾಗಿದೆ. ಶಾಸ್ತ್ರಗ್ರಂಥಕ್ಕೆ ಇದು ದೋಷವೆಂದು ಹೇಳಲಾರೆ. ಆದರೆ ಓದುಗನು ಆ ಅಧ್ಯಾಯವನ್ನು ಮೊದಲು ಓದುವುದು ಒಳ್ಳೆಯದು.

ನಮ್ಮ ನಾಡಿನಲ್ಲಿ ಈ ವಿಚಾರವು ಬರಿಯ ಚರ್ಚೆಯಾಗಿ ಉಳಿದಿಲ್ಲ. ಸ್ವಾತಂತ್ರ್ಯದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯವು ಸುಮಾರು 32 ವರ್ಷವಿತ್ತು. ಈಗ ಅದು 70ನ್ನು ಮುಟ್ಟಿದೆ. ಇಷ್ಟು ದೊಡ್ಡ ಲಾಭವು ಯಾವ ರಸಾಯನದಿಂದಲೂ ಬಂದುದಲ್ಲ. ಮೈಲಿ, ಕಾಲರಾಗಳು ಹಿಮ್ಮೆಟ್ಟಿದುದರಿಂದ, ಶಿಶುಮರಣವು ತಗ್ಗಿದುದರಿಂದ, ಚುಚ್ಚುಮದ್ದು, ಶುದ್ಧ ನೀರು, ಅನ್ನ ಇವುಗಳಿಂದ ಬಂದುದು. 2017-18ರಲ್ಲಿ ನಡೆದ ಅಖಿಲ ಭಾರತದ ವಾರ್ಧಕ್ಯ ಸಮೀಕ್ಷೆಯು 45 ವರ್ಷ ಮೀರಿದ 72,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಲಿನ ಹಳ್ಳಿಗರಲ್ಲಿ ವಯಸ್ಸಾದಂತೆ ಬುದ್ಧಿ, ಸ್ಮರಣೆಗಳು ಹೇಗೆ ಮಾರ್ಪಡುತ್ತವೆಂಬುದನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಕಾಲಕಾಲಕ್ಕೆ ನೋಡುತ್ತ ಬಂದಿದ್ದಾರೆ. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2024ರಲ್ಲಿ ‘ಲಾಂಜೆವಿಟಿ ಇಂಡಿಯಾ’ ಎಂಬ ಕಾರ್ಯವು ಆರಂಭವಾಗಿ, ಭಾರತೀಯರ ದೇಹಕ್ಕೇ ಒಪ್ಪುವ ಮುಪ್ಪಿನ ಸೂಚಕಗಳನ್ನು ಹುಡುಕುತ್ತಿದೆ. ಬೇರೆ ದೇಶದವರ ಅಳತೆಯಿಂದ ನಮ್ಮನ್ನು ಅಳೆಯಬಾರದೆಂಬ ಈ ವಿವೇಕವು ಶ್ಲಾಘ್ಯವಾದುದು.

ಆ ಸೂಚಕಗಳು ಸಿದ್ಧವಾದಾಗ ಅವು ಯಾರ ಮನೆಯನ್ನು ಮುಟ್ಟುವವು? ಹಗಲಿರುಳು ಪವರ್‌ಲೂಮಿನ ಸದ್ದಿನಲ್ಲಿ ದುಡಿದು ಕಿವಿ ಮಂದವಾದ ಬನಹಟ್ಟಿಯ ನೇಕಾರನನ್ನು ಮುಟ್ಟುವವೆ? ಬೇಸಾಯದಲ್ಲಿ ಬೆನ್ನು ಬಾಗಿದ ಮುಧೋಳದ ಒಕ್ಕಲಿಗಿತ್ತಿಯನ್ನು? ಮಕ್ಕಳು ದೂರದೂರಿಗೆ ದುಡಿಯಲು ಹೋಗಿರುವಾಗ ಬೀಳಗಿಯ ಹಳ್ಳಿಯಲ್ಲಿ ಮನೆ ಕಾಯುವ ಮುದುಕರನ್ನು? ಇವರ ಮುಪ್ಪು ಬಹುಮಟ್ಟಿಗೆ ಸುಶ್ರುತರು ಹೇಳಿದ ಎರಡನೆಯ ಬಗೆಯದು, ರಕ್ಷಣೆಯಿಲ್ಲದೆ ಬಂದುದು. ರಕ್ತದ ಒತ್ತಡವನ್ನು ಕಾಲಕಾಲಕ್ಕೆ ನೋಡಿಸುವುದು, ತಂಬಾಕನ್ನು ಬಿಡಿಸುವುದು, ಕಣ್ಣಿನ ಪೊರೆಯನ್ನು ತೆಗೆಸುವುದು, ಇವು ಈಗಲೇ ತಿಳಿದಿರುವ ಉಪಾಯಗಳು. ಯಯಾತಿಗೆ ಹೊಸ ಯೌವನವನ್ನು ಹುಡುಕುವ ಮುನ್ನ ಪುರುವಿಗೆ ಅಕಾಲದ ಮುಪ್ಪು ಬರದಂತೆ ನೋಡಿಕೊಳ್ಳುವುದು ನ್ಯಾಯ.

ಈ ಶಾಸ್ತ್ರವನ್ನು ಕುರಿತು ಕನ್ನಡದಲ್ಲಿಯೇ ಹುಟ್ಟಿದ ಗ್ರಂಥಗಳು ಬರಬೇಕು. ಅವನ್ನು ಬರೆಯುವ ತರುಣರು ಪ್ರಯೋಗಶಾಲೆಯ ಭಾಷೆಯನ್ನೂ ರನ್ನನ ಭಾಷೆಯನ್ನೂ ಬಲ್ಲವರಾಗಿರಲೆಂದು ಹಾರೈಸುತ್ತೇನೆ. ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲವರು ರಾಮಕೃಷ್ಣನ್ ಅವರ ಗ್ರಂಥವನ್ನು ತಾವು ಓದಿ, ಅದರ ಸಾರವನ್ನು ಮನೆಯ ಹಿರಿಯರಿಗೆ ಹೇಳಲಿ. ಹಿರಿಯರು ಯಯಾತಿಯ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಲಿ. ಎರಡರಲ್ಲಿ ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ಎಳೆದು ತರದಿದ್ದರೆ ಎರಡರಿಂದಲೂ ಲಾಭವುಂಟು.